ಡಬ್ಬಿಯ ಬಿಲ್ಲೆ

ಸ್ಕಾಟ್ಲೆಂಡಿನ ಆ ಬಂದರೂರಿನ ಎಪಿಸ್ಕೋಪಲ್ ಚರ್ಚಿನಲ್ಲಿ ಪೂಜಾಪೀಠದ ಚಾಕರಿಯೆಲ್ಲ ವಿಲ್ಮಾ ಡಫ್ಟಿಯದು. ಹರೆಯದಲ್ಲಿ ಮೀನು ಸೀಳಿದ ಕೈ, ಮುಪ್ಪಿನಲ್ಲಿ ಪೀಠದ ಬಟ್ಟೆಗೆ ಇಸ್ತ್ರಿ ಹಾಕುತ್ತಿತ್ತು. ಎಲ್ಲಿಯೂ ಒಂದು ಚೂರು ಉಳಿದರೆ ಅವಳಿಗೆ ಸಮಾಧಾನವಿಲ್ಲ. ಆ ಚೊಕ್ಕತನವೇ ಮುಳುವಾಯಿತು.

ಶುಭ ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಈಸ್ಟರ್‌ವರೆಗೆ ಪ್ರಸಾದದ ಹೊಸ ರೊಟ್ಟಿಯನ್ನು ಪ್ರಾರ್ಥನೆ ಮಾಡಿ ಪವಿತ್ರಗೊಳಿಸುವಂತಿಲ್ಲ. ಮಿಕ್ಕಿದ್ದನ್ನು ತಿಂದು ಮುಗಿಸಬೇಕು; ಸಾಯುವವರು ಕೇಳಿದರೆ ಇರಲಿ ಎಂದು ಆ ರೊಟ್ಟಿಯ ಒಂದೇ ಒಂದು ತೆಳು ಬಿಲ್ಲೆಯನ್ನು ಗೋಡೆಗೂಡಿನಲ್ಲಿ ಇಡಬೇಕು. ಪಾದ್ರಿ ಗ್ರೀಗ್ ಪಕ್ಕದೂರಿನ ಚರ್ಚಿಗೆ ಓಡಿದರು. ವಿಲ್ಮಾ ಎಲ್ಲವನ್ನೂ ತಿಂದು, ಗೂಡನ್ನು ಒರೆಸಿ, ಬಾಗಿಲು ಹಾಕಿಕೊಂಡು ಹೋದಳು. ಆ ಒಂದು ಬಿಲ್ಲೆಯನ್ನು ಉಳಿಸಬೇಕೆಂಬುದೇ ಮರೆತುಹೋಗಿತ್ತು.

ಮರುದಿನ ಪಕ್ಕದೂರಿನಿಂದಲೇ ಪಾದ್ರಿಯ ಫೋನು. ವಿಲ್ಮಾಳ ಗೆಳತಿ ನೆಟಾ ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾಳೆ, ಪ್ರಸಾದ ಕೇಳುತ್ತಿದ್ದಾಳೆ. "ಗೂಡಲ್ಲಿರೋದನ್ನ ನೀವೇ ಕೊಟ್ಬಿಡಿ ವಿಲ್ಮಾ. ನಿಮ್ಮ ಕೈಲಿದ್ರೆ ನಂಗೆ ಚಿಂತೆ ಇಲ್ಲ."

ಆ ಹೊಗಳಿಕೆ ಕೇಳಿದ ಮೇಲೆ ಗೂಡು ಖಾಲಿ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಕಪಾಟಿನ ಡಬ್ಬಿಯಿಂದ, ಇನ್ನೂ ಪ್ರಾರ್ಥನೆಯನ್ನೇ ಕಾಣದ ಬರೀ ಹಿಟ್ಟಿನ ಬಿಲ್ಲೆಯೊಂದನ್ನು ತೆಗೆದುಕೊಂಡು ಹೊರಟಳು. ಪವಿತ್ರವಾದದ್ದೂ ಇದೂ ನೋಡಲು ಒಂದೇ.

ನೆಟಾ ಅವಳನ್ನು ಕಂಡು ಹಾಸಿಗೆಯಿಂದಲೇ ಛೇಡಿಸಿದಳು. "ಒಂದ್ ಚೂರೂ ಬಿಡ್ದೆ ಒರೆಸಿಟ್ಟಿದ್ಯೇನೋ ಅಂದ್ಕೊಂಡೆ ಕಣೆ. ನಂಗೂ ಉಳಿಸಿದೀಯಲ್ಲ."

ನಿಜ ಹೇಳಲು ಅದೇ ಗಳಿಗೆ. ಆದರೆ ತಲೆದೆಸೆಯಲ್ಲಿ ನೆಟಾಳ ಮಗಳು ಲೋರ್ನಾ ಕೈಜೋಡಿಸಿ ನಿಂತಿದ್ದಳು. ವಿಲ್ಮಾ ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿ ಬಿಲ್ಲೆಯನ್ನು ಬಾಯಿಗಿಟ್ಟಳು. ನೆಟಾ "ಆಮೆನ್" ಅಂದಳು. ಸಂಜೆಯಷ್ಟರಲ್ಲಿ ತೀರಿಕೊಂಡಳು.

ಈಸ್ಟರ್ ಬೆಳಿಗ್ಗೆ ಪೀಠದ ತುಂಬ ಹಳದಿ ಹೂವು. ವಿಲ್ಮಾ ಪೀಠದ ಮುಂದಿನ ಕಟಕಟೆಯ ಬಳಿ ಮಂಡಿಯೂರಿದಾಗ ಪಕ್ಕದಲ್ಲೇ ಲೋರ್ನಾ. "ಅಮ್ಮ ನೆಮ್ಮದಿಯಾಗಿ ಹೋದ್ಲು ಆಂಟಿ, ನಿಮ್ಮಿಂದ," ಎಂದು ಪಿಸುಗುಟ್ಟಿದಳು.

"ಕ್ರಿಸ್ತನ ದೇಹ," ಎನ್ನುತ್ತ ಪಾದ್ರಿ ಮುಂದೆ ಬಂದರು. ವಿಲ್ಮಾ ಕೈ ಚಾಚಲಿಲ್ಲ. ಪ್ರಸಾದ ಬೇಡ ಎನ್ನುವವರ ಹಾಗೆ ಎರಡೂ ತೋಳುಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡಳು. ಅವಳು ಹಾಗೆ ಮಾಡಿದ್ದನ್ನು ಆ ಊರು ಎಂದೂ ಕಂಡಿರಲಿಲ್ಲ.

ಪಾದ್ರಿ ಬಗ್ಗಿ, ಮೈಗೆ ಹುಷಾರಿಲ್ಲವೇ ಎಂದು ಮೆಲ್ಲಗೆ ಕೇಳಿದರು.

"ಗೂಡು ಖಾಲಿ ಇತ್ತು ಅಯ್ನೋರೇ. ನೆಟಾಗೆ ಕೊಟ್ಟಿದ್ದು ಡಬ್ಬೀದು."

ಪಕ್ಕದಲ್ಲಿ ಪ್ರಸಾದಕ್ಕೆಂದು ಚಾಚಿದ್ದ ಲೋರ್ನಾಳ ಕೈಗಳು ನಿಧಾನವಾಗಿ ಕೆಳಗಿಳಿದವು.