ಸಿಗ್ರುನ್‌ಳ ಸಿಟ್ಟು

ಸಿಗ್ರುನ್‌ಗೆ ಸಿಟ್ಟು ಬಂದರೆ ಆರ್ಹುಸ್ ಊರಿನ ಜನಕ್ಕೆ ಖುಷಿಯಾಗುತ್ತಿತ್ತು.

ಮದುವೆಯಾಗಿ ನಾರ್ವೆಯಿಂದ ಡೆನ್ಮಾರ್ಕಿಗೆ ಬಂದವಳು ಅವಳು. ಕೂದಲು ನರೆತರೂ ತನ್ನ ನಾರ್ವೆಯ ಮಾತನ್ನೇ ಆಡುತ್ತಿದ್ದಳು. ಅವಳದು ಊರಿನವರಿಗೆ ತಿಳಿಯುತ್ತಿತ್ತು, ಅವರದು ಅವಳಿಗೆ ತಿಳಿಯುತ್ತಿತ್ತು. ಬದಲಾಯಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆದರೆ ಅವಳ ಪ್ರತಿ ಮಾತಿನ ದನಿಯೂ ಕೊನೆಗೆ ಬರುವಾಗ ಗಾಳಿಗೆ ಸಿಕ್ಕ ಲಂಗದಂತೆ ಮೇಲೇಳುತ್ತಿತ್ತು. ಡೆನ್ಮಾರ್ಕಿನವರ ಕಿವಿಗೆ ಅದು ಯಾವಾಗಲೂ ಒಳ್ಳೆಯ ಸುದ್ದಿಯಂತೆ ಕೇಳುತ್ತಿತ್ತು.

ಎಲ್ಲೆಂದರಲ್ಲಿ ಕಾರು ನಿಲ್ಲಿಸಿದವರಿಗೆ ದಂಡ ಹಾಕುವುದು ಅವಳ ಕೆಲಸ. ದಂಡ ತೆತ್ತವರು ಕೈ ಬೀಸಿ, "ನಿಮಗೂ ಒಳ್ಳೇದಾಗ್ಲಿ" ಎಂದು ಹೋಗುತ್ತಿದ್ದರು. ಗಂಡ ಬದುಕಿದ್ದಾಗ ಇವಳು ಜಗಳಕ್ಕೆ ನಿಂತರೆ ಅವನು ಟಿವಿ ಆರಿಸಿ ಕೇಳುತ್ತಾ ಕೂರುತ್ತಿದ್ದ. ಹಾಗಾಗಿ ಆ ಮನೆಯಲ್ಲಿ ಒಂದು ಜಗಳವೂ ಪೂರ್ತಿಯಾಗಿರಲಿಲ್ಲ.

ಅವನು ಹೋದಮೇಲೆ ಉಳಿದದ್ದು ಊರಂಚಿನ ತೋಟಗಳ ಸಂಘದಲ್ಲಿ ಒಂದು ತುಂಡು ತೋಟ, ಮರದ ಪುಟ್ಟ ಮನೆ, ಒಂದು ಮಡಿ ಸ್ಟ್ರಾಬೆರಿ. ಆ ಗಿಡಗಳನ್ನು ಅವಳು ತವರಿಂದ, ಅಮ್ಮನ ಹಿತ್ತಲಿಂದ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ತವರಿನ ಹಿತ್ತಲು ಈಗ ಇಲ್ಲ.

ಪಕ್ಕದ ತೋಟ ಪ್ರೇಬೆನ್‌ನದು. ಕೊಳಾಯಿ ರಿಪೇರಿ ಮಾಡಿ ನಿವೃತ್ತನಾದವನು. ಗಿಡದ ಬೇಲಿ ಆಳೆತ್ತರ ಮೀರಬಾರದು ಎಂಬುದು ಸಂಘದ ನಿಯಮ. ಅವನ ಬೇಲಿ ಮನೆಯ ಮಾಡನ್ನೂ ದಾಟಿತ್ತು. ಅದರ ನೆರಳಿನಿಂದ ಕಳೆದ ಬೇಸಿಗೆಯ ಸ್ಟ್ರಾಬೆರಿ ಕೆಂಪಾಗಲೇ ಇಲ್ಲ. ಈ ಸಲ ಎಲೆಯೇ ಹಳದಿಯಾಗುತ್ತಿತ್ತು.

"ಪ್ರೇಬೆನ್, ನಿನ್ನ ಬೇಲಿ ನನ್ನ ಗಿಡ ಸಾಯಿಸ್ತಾ ಇದೆ. ಕತ್ತರಿಸ್ತೀಯೋ ಇಲ್ವೋ?"

ಪ್ರೇಬೆನ್ ಬಿಯರ್ ಬಾಟಲಿ ಕೆಳಗಿಟ್ಟು ಕಣ್ಣು ಮುಚ್ಚಿದ. "ಆಹಾ, ಬೆಟ್ಟ ಹತ್ತಿ ಇಳಿದಂಗಾಯ್ತು. ಇನ್ನೊಂದ್ಸಲ ಹೇಳು."

"ನಾಚಿಕೆ ಇಲ್ವಾ ನಿಂಗೆ?"

"ಇದು ಅದಕ್ಕಿಂತ ಚೆನ್ನಾಗಿದೆ."

ಜೊತೆಗೆ ಕೆಲಸ ಮಾಡುವ ಬೋದಿಲ್ ಇದನ್ನು ಕೇಳಿ ತಲೆ ಅಲ್ಲಾಡಿಸಿದಳು. ಅವಳು ಡೆನ್ಮಾರ್ಕಿನವಳೇ. "ತಪ್ಪು ನಿಂದೇ ಕಣೇ. ನೀನು ಬೈದ್ರೆ ಹುಟ್ಟುಹಬ್ಬಕ್ಕೆ ಹಾಡಿದಂಗಿರುತ್ತೆ. ನಮ್ಮ ಹಂಗೆ ಮಾತಾಡು. ದನಿ ಏರಿಸ್ಬೇಡ, ಅರ್ಧ ಮಾತು ನುಂಗ್ಬಿಡು."

"ನುಂಗಿದ್ರೆ ಹೇಳೋಕೆ ಏನು ಉಳಿಯುತ್ತೆ?"

"ಉಳಿದಿದ್ದು ಕೇಳೋರ ತಲೆನೋವು. ನಾವೆಲ್ಲ ಬದುಕಿಲ್ವಾ?"

"ನಮ್ಮ ಕಡೆ ನಿಮ್ಮ ಮಾತಿಗೆ ಏನಂತಾರೆ ಗೊತ್ತಾ? ಗಂಟಲಲ್ಲಿ ಬಿಸಿ ಆಲೂಗಡ್ಡೆ ಸಿಕ್ಕೊಂಡಂಗೆ ಅಂತ."

"ಸರಿ, ಒಲೆ ಹಚ್ಚು. ಆಲೂಗಡ್ಡೆ ಬೇಯ್ಲಿ."

ಸಂಘದ ವಾರ್ಷಿಕ ಸಭೆಯವರೆಗೂ ಸಿಗ್ರುನ್ ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ ಅಭ್ಯಾಸ ಮಾಡಿದಳು. ಸಭೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಆದಮೇಲೆ ಎದ್ದು ನಿಂತು, ದನಿಯನ್ನು ನೆಲಕ್ಕೆ ಒತ್ತಿ, ಒಂದಷ್ಟು ನುಂಗಿ, ಬೇಲಿಯ ವಿಷಯ ಹೇಳಿದಳು.

ಅಧ್ಯಕ್ಷರು ಕಪ್ಪು ಕೆಳಗಿಟ್ಟು, "ಮೈ ಹುಷಾರಿಲ್ವಾ?" ಎಂದರು. ಯಾರೋ ಕಿಟಕಿ ತೆರೆದರು. ಎಲ್ಲರಿಗಿಂತ ಮೊದಲು ಓಡಿಬಂದವನು ಪ್ರೇಬೆನ್. ಅವಳ ಬೆನ್ನಿಗೆ ಗುದ್ದುತ್ತಾ, "ಬನ್ನು ಸಿಕ್ಕೊಂಡಿದೆ. ಉಗುಳು, ಉಗುಳು" ಎಂದ.

"ಏನೂ ಸಿಕ್ಕೊಂಡಿಲ್ಲ ಕಣೋ ಮುಠ್ಠಾಳ. ನಿನ್ನ ಬೇಲಿ ಕತ್ತರಿಸು ಅಂದೆ."

ನಾರ್ವೆಯ ರಾಗ ಕೇಳಿದ್ದೇ ಎಲ್ಲರಿಗೂ ಹೋದ ಜೀವ ಬಂದಂತಾಯಿತು. "ಹುಷಾರಾದಳು" ಎಂದು ಚಪ್ಪಾಳೆ ತಟ್ಟಿದರು. ಬೇಲಿಯ ಮಾತು ಅಲ್ಲಿಗೇ ಮುಗಿಯಿತು.

ಹೊರಗೆ ಬೆಂಚಿನ ಮೇಲೆ ಲೆನಾರ್ಟ್ ಒಬ್ಬನೇ ಕೂತಿದ್ದ. ಕೊನೆಯ ತೋಟದವನು, ಸ್ವೀಡನ್ನಿನವನು. ಅಗೆಯುವ ಮುಂಚೆ ಎರೆಹುಳುಗಳನ್ನು ಪಕ್ಕಕ್ಕೆ ಎತ್ತಿಡುವಷ್ಟು ಮೆತ್ತಗಿನ ಮನುಷ್ಯ. ಆದರೆ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುವ ಅವನ ಮಾತು ಡೆನ್ಮಾರ್ಕಿನ ಕಿವಿಗೆ ಸರ್ಕಾರಿ ಆದೇಶದಂತೆ ಬೀಳುತ್ತಿತ್ತು. ಅವನು 'ಶುಭೋದಯ' ಎಂದರೆ ಜನ ತಮ್ಮ ಗೇಟು ಹಾಕಿದೆಯೇ ಎಂದು ತಿರುಗಿ ನೋಡುತ್ತಿದ್ದರು.

"ಹೋದ ವರ್ಷ ಎಲ್ಲರನ್ನೂ ಕಾಫಿಗೆ ಕರೆದಿದ್ದೆ," ಎಂದ ಲೆನಾರ್ಟ್.

"ಯಾರೂ ಬರ್ಲಿಲ್ವಾ?"

"ಬಂದ್ರು. ಹೇಳಿದ ಹೊತ್ತಿಗೆ ಸರಿಯಾಗಿ. ನಿಂತ್ಕೊಂಡೇ ಕುಡಿದು, ಕಪ್ಪು ತೊಳೆದಿಟ್ಟು ಹೋದ್ರು."

ಸಿಗ್ರುನ್ ನಗಲಿಲ್ಲ. ಅವಳ ಕಿವಿಗೆ ಅದು ಸಂಕೋಚದ ಮನುಷ್ಯನೊಬ್ಬನ ದನಿಯಷ್ಟೇ. "ನಾನು ಬೈಯೋದು ನಿಮಗೆ ಹೇಗೆ ಕೇಳ್ಸುತ್ತೆ?"

"ಹಾಡಿದ ಹಾಗೇ. ಆದ್ರೆ ಹಾಡೋರಿಗೆ ಸಿಟ್ಟು ಬಂದಿದೆ ಅಂತ ಗೊತ್ತಾಗುತ್ತೆ."

ಮಾರನೆಯ ದಿನ ಲೆನಾರ್ಟ್, ಸಿಗ್ರುನ್ ಕೇಳಿಕೊಂಡಳೆಂದು, ಟೋಪಿ ಕೈಯಲ್ಲಿ ಹಿಡಿದು ಪ್ರೇಬೆನ್‌ನ ಗೇಟಿನ ಮುಂದೆ ನಿಂತ. "ನಿಮಗೆ ತೊಂದರೆ ಇಲ್ಲ ಅಂದ್ರೆ, ಬೇಲಿ ಸ್ವಲ್ಪ ತಗ್ಗಿಸಬಹುದಾ ಅಂತ ಕೇಳೋಣ ಅಂದ್ಕೊಂಡೆ."

ಪ್ರೇಬೆನ್ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಸಂಜೆಯ ಹೊತ್ತಿಗೆ ಬೇಲಿ ಮೊಣಕಾಲಿಗೆ ಬಂದಿತ್ತು. "ಆ ಸ್ವೀಡನ್ನಿನವನ ಹತ್ರ ಇಟ್ಕೋಬಾರ್ದಪ್ಪ," ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದ.

ಬಿಸಿಲು ಬಂತು. ಎಲೆ ಹಸಿರಾಯಿತು, ಹೂವಾಯಿತು, ಜೂನ್ ಕೊನೆಗೆ ಎಲೆಯಡಿ ಒಂದೊಂದೇ ಕೆಂಪು ಕಾಣಿಸಿತು. ಹಣ್ಣಿನ ಹಿಂದೆಯೇ ಅದನ್ನು ತಿನ್ನಲು ಗೊಂಡೆಹುಳುಗಳೂ ಬಂದವು. ಸಿಗ್ರುನ್ ಬೆಳಿಗ್ಗೆ ಬೆಳಿಗ್ಗೆಯೇ ಮಡಿಯ ಮೇಲೆ ಬಗ್ಗಿ ಅವನ್ನು ಬೈಯತೊಡಗಿದಳು. ಆ ದನಿಗೆ ಪ್ರೇಬೆನ್ ಕಾಫಿ ಕಪ್ಪು ಹಿಡಿದು ಬಂದ, ಬೋಳು ಬೇಲಿಯ ಆಚೆ ನಿಂತ. ಅವನ ನೆರಳು ಸರಿಯಾಗಿ ಸ್ಟ್ರಾಬೆರಿ ಮೇಲೆ ಬಿತ್ತು.

"ಪ್ರೇಬೆನ್, ಬಿಸಿಲಿಗೆ ಅಡ್ಡ ನಿಂತಿದ್ದೀಯ. ಆಕಡೆ ಸರ್ಕೋ."

"ಇನ್ನೊಂದ್ಸಲ ಹೇಳು."

ಅಷ್ಟರಲ್ಲಿ ಸಿಗ್ರುನ್‌ಳ ಹಿಂದಿನಿಂದ ಯಾರೋ ಮೆಲ್ಲಗೆ 'ಶುಭೋದಯ' ಎಂದರು. ಪ್ರೇಬೆನ್ ಬೆನ್ನು ನೆಟ್ಟಗೆ ಮಾಡಿ ಎರಡು ಹೆಜ್ಜೆ ಹಿಂದೆ ಸರಿದ. ಬಿಸಿಲು ಮಡಿಯ ತುಂಬ ಹರಡಿತು.

ಸ್ಟ್ರಾಬೆರಿಗೆಂದು ಕೈಯಲ್ಲಿ ಕೆನೆಯ ಬಟ್ಟಲು ಹಿಡಿದಿದ್ದ ಲೆನಾರ್ಟ್ ಮುಂದೇನು ಮಾಡಬೇಕೆಂದು ತೋಚದೆ ನಿಂತೇ ಇದ್ದ.

"ಕೂತ್ಕೊಳ್ಳಿ," ಎಂದಳು ಸಿಗ್ರುನ್, ಕುರ್ಚಿ ಎಳೆದು. "ನಮ್ಮಲ್ಲಿ ಕಾಫಿ ಕೂತ್ಕೊಂಡೇ ಕುಡಿಯೋದು."