ಫಾತುವನ್ನು ಮುಟ್ಟದೆ ಕಳಿಸಿದ್ದು

ಆಗೆಲ್ಲ ಆಫ್ರಿಕಾದ ಹಸಿ ಗೇರುಬೀಜ ಹಡಗಿನಲ್ಲಿ ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಬರುತ್ತಿದ್ದ ಕಾಲ. ಬೀಜ ನೋಡಿ ಖರೀದಿಸಲು ನಂಬಿಕಸ್ತನೊಬ್ಬ ಬೇಕೆಂದು ಕುಮಟೆಯ ಸಾಹುಕಾರರೊಬ್ಬರು ಕೋಲಸಿರ್ಸಿಯ ನಮ್ಮಪ್ಪನನ್ನು ಅಬಿಜಾನ್ ಎಂಬ ದೊಡ್ಡ ಶಹರಕ್ಕೆ ಕಳಿಸಿದರು. ಹಿಂದೆಯೇ ನಾನೂ ಆಯಿಯೂ ಹೋದೆವು. ನಮ್ಮಲ್ಲಿ ಅಮ್ಮನನ್ನು ಆಯಿ ಎನ್ನುತ್ತೇವೆ. ಅಲ್ಲಿ ಎಲ್ಲವೂ ಫ್ರೆಂಚು. ಊರಿನ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳುತ್ತಿದ್ದವನನ್ನು, ಹತ್ತಾರು ದೇಶಗಳ ಮಕ್ಕಳು ಕಲಿಯುವ ಫ್ರೆಂಚ್ ಶಾಲೆಗೆ ನೂಕಿದರು.

ಮೊದಮೊದಲು ನಾನು ಮೂಗನೇ. ಗೇಟಿನಾಚೆ ಬಾಳೆಹಣ್ಣು ಕರಿಯುವ ಎಣ್ಣೆಯ ವಾಸನೆ ಬಂದರೂ ಸಾಕು, ಮನೆ ನೆನಪಾಗಿ ಅಳು. ನನ್ನನ್ನು ಮಾತಿಗೆ ಎಳೆದವಳು ನನ್ನದೇ ತರಗತಿಯ ಹುಡುಗಿ ಫಾತು. ಗೋಲಿಯಾಟ ನನಗೂ ಬರುತ್ತಿತ್ತು, ಅವಳಿಗೂ. ಗೆದ್ದಾಗ ಏನನ್ನಬೇಕು, ಮೋಸ ಮಾಡಿದವರಿಗೆ ಏನೆಂದು ಬೈಯಬೇಕು, ಎಲ್ಲ ಅವಳೇ ಹೇಳಿಕೊಟ್ಟಳು. ನನ್ನ ಫ್ರೆಂಚ್ ಹುಟ್ಟಿದ್ದು ಜಗಳದಲ್ಲಿ. ಆ ಶಾಲೆಯಲ್ಲಿ ಬೆಳಿಗ್ಗೆ ಸಿಕ್ಕ ಕೂಡಲೇ ಕೆನ್ನೆಗೆ ಕೆನ್ನೆ ತಾಗಿಸಬೇಕು, ಹೊರಡುವಾಗಲೂ. ನಾಚಿ ಸಾಯುತ್ತಿದ್ದ ನಾನು ಕ್ರಮೇಣ ಅದಕ್ಕಾಗಿಯೇ ಶಾಲೆಗೆ ಓಡತೊಡಗಿದೆ.

ಮಳೆ ಶುರುವಾಗುವ ಹೊತ್ತಿಗೆ ಫಾತುವಿನ ಅಪ್ಪನಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಅದೇ ವಾರ ಊರಿನಿಂದ ಫೋನು: ಅಪ್ಪನ ತಾಯಿ, ನನ್ನಜ್ಜಿ, ತೀರಿಕೊಂಡಿದ್ದಳು. ಅಪ್ಪನಿಗೆ ಹೋಗಲಾಗಲಿಲ್ಲ. ಕ್ರಿಯೆಯನ್ನೆಲ್ಲ ದೊಡ್ಡಪ್ಪನೇ ಮಾಡಿದ.

"ಮಾಣಿ, ಸೂತಕ ಕಳಿಯವರಿಗೂ ಯಾರನ್ನೂ ಮುಟ್ಟಡ, ಗೊತ್ತಾತ?" ಎಂದಳು ಆಯಿ.

"ಇಲ್ಲಿ ಯಾರಿಗೆ ಗೊತ್ತಾಗ್ತು ಮಾರಾಯ್ತಿ?" ಅಪ್ಪನ ದನಿ ಬಿದ್ದುಹೋಗಿತ್ತು.

"ಅತ್ತೆಗೆ ಗೊತ್ತಾಗ್ತು. ಹೋಪಲೆ ಅಂತೂ ಆಜಿಲ್ಲೆ, ಇಷ್ಟಾದ್ರೂ ಮಾಡನ."

ಶಾಲೆಗೆ ಹೋಗಿ ಅಜ್ಜಿ ಸತ್ತಳು ಎಂದೆ. ಟೀಚರು ಎರಡೂ ತೋಳು ಚಾಚಿ ಬಂದರು. ಅವರಲ್ಲಿ ಸಾವಾದ ಮನೆಯವರನ್ನು ಅಪ್ಪಿಕೊಳ್ಳುತ್ತಾರೆ, ನಮ್ಮಲ್ಲಿ ದೂರ ನಿಲ್ಲುತ್ತೇವೆ. ಕರಿಹಲಗೆಗೆ ಬೆನ್ನು ತಾಗುವವರೆಗೂ ನಾನು ಹಿಂದೆ ಸರಿದೆ. ಸೂತಕಕ್ಕೆ ಫ್ರೆಂಚಿನಲ್ಲಿ ಏನನ್ನುತ್ತಾರೋ ತಿಳಿಯದು. ತಿಳಿದಿದ್ದರೂ ಅಷ್ಟು ಸಣ್ಣವ ಏನೆಂದು ವಿವರಿಸಲಿ?

ಫಾತುವಿನ ಕೊನೆಯ ದಿನ ಸೂತಕದ ನಡುವೆಯೇ ಬಂತು. ತರಗತಿಯ ಮಕ್ಕಳೆಲ್ಲ ಸಾಲಾಗಿ ನಿಂತು ಅವಳ ಕೆನ್ನೆಗೆ ಕೆನ್ನೆ ತಾಗಿಸಿದರು. ನಾನು ಕಿಟಕಿಯ ಬಳಿಯೇ ಉಳಿದೆ. ಅವಳೇ ಬಂದಳು.

"ಮುಟ್ಟಬಾರದಾ?"

"ಬಾರದು."

"ನಾಳೆ?"

"ನಾಳೆಯೂ ಇಲ್ಲ. ಆಮೇಲೆ."

ಆಮೇಲೆ ಅವಳು ಅಲ್ಲಿರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ಸರಿ, ಆಮೇಲೆ" ಎಂದು ತಲೆಯಾಡಿಸಿ ಹೋದಳು. ಸೂತಕ ಕಳೆದು, ತಲೆಗೆ ಸ್ನಾನ ಮಾಡಿ ಶಾಲೆಗೆ ಹೋದಾಗ ಅವಳ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು. ಅಜ್ಜಿ ಸತ್ತಾಗಲೂ ಅಳದ ನಾನು ಅಂದು ಬಿಕ್ಕಿ ಬಿಕ್ಕಿ ಅತ್ತೆ.

ಊರಿಗೆ ಮರಳಿ ಎಷ್ಟೋ ವರ್ಷವಾಯಿತು. ಈಚೆಗೆ ದೊಡ್ಡಪ್ಪ ತೀರಿಹೋದ. ಸೂತಕದಲ್ಲಿ ಮಗಳನ್ನು ಶಾಲೆಗೆ ಕಳಿಸಲೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದಾಗ ಆಯಿಯೇ ಹೇಳಿದಳು: "ಸಣ್ಣ ಮಕ್ಕಗೆ ಎಂತ ಸೂತಕ? ಶಾಲೆ ತಪ್ಪಸಡ ಮಾರಾಯಾ, ಕಳ್ಸು." ವ್ಯಾನು ಬಂತು. ಗೆಳತಿಯರು ಮಗಳ ಕೈ ಹಿಡಿದು ಒಳಗೆ ಎಳೆದುಕೊಂಡರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅಬಿಜಾನಲ್ಲಿ ಯಂಗೆ ಯಾರನ್ನೂ ಮುಟ್ಟಡ ಹೇಳಿದ್ಯಲೆ ಆಯಿ, ನೆನಪಿದ್ದಾ?"

"ಹಂಗೆ ಹೇಳಿದ್ನಾ? ಯಂಗೆ ನೆನಪೇ ಇಲ್ಲೆ."

ಮುದುಕಿಯ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಿ. ಅವಳು ಅದನ್ನು ಮರೆತಳು, ನಾನು ಫ್ರೆಂಚ್ ಮರೆತೆ. ಈಗ ಫಾತು ಎದುರು ಬಂದು ನಿಂತರೂ, ಅಂದು ಯಾಕೆ ದೂರ ನಿಂತೆ ಎಂದು ಅವಳಿಗೆ ಹೇಳಲು ನನ್ನ ಬಳಿ ಮಾತಿಲ್ಲ.