ಲಿನಕ್ಸ್ ಕಾಕಾ
ಮುಂಬೈ ಬಳಿಯ ಡೊಂಬಿವಲಿಯ ಲಿನಕ್ಸ್ ಕಾಕಾ ಎಂದರೆ ರಬಾಳೆಯ ಕಾರ್ಖಾನೆಯಿಂದ ನಿವೃತ್ತರಾದ ಗುರುಸಿದ್ದಪ್ಪನವರು. ಯಾರ ಮನೆಯ ಹಳೆಯ ಕಂಪ್ಯೂಟರ್ ಗುಜರಿಯವನ ಪಾಲಾಗಲು ಹೊರಟರೂ ಅಡ್ಡ ಬಂದು, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಎಬ್ಬಿಸಿ ಕೂರಿಸುತ್ತಾರೆ. ವೈಫೈಗೆಂದು ಮನೆಯವರು ತಂದ ಹೆಬ್ಬೆರಳುದ್ದದ ಯುಎಸ್‌ಬಿ ಅಡಾಪ್ಟರನ್ನು ಚುಚ್ಚಿ, "ಡಬ್ಬಿ ಮ್ಯಾಲಿಂದು ನಂಬಬ್ಯಾಡ್ರಿ, ಒಳಗಿನ ಚಿಪ್ ಯಾವುದೈತಿ ಅದನ್ನ ಕೇಳ್ರಿ" ಎನ್ನುತ್ತ ಒಂದೇ ಬೆರಳಿನಿಂದ ಕಮಾಂಡ್ ಕುಟ್ಟುತ್ತಾರೆ. ಆ ಚಿಪ್ಪನ್ನು ನಡೆಸುವ ಡ್ರೈವರ್ ತಂತ್ರಾಂಶ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಅದಕ್ಕೇ ಮೊಬೈಲಿನಿಂದ ನೆಟ್ ಎಳೆದುಕೊಳ್ಳುವ ಕೇಬಲ್ ಸದಾ ಅವರ ಕಿಸೆಯಲ್ಲಿರುತ್ತದೆ. ಅಡಾಪ್ಟರಿನ ನೀಲಿ ದೀಪ ಮಿನುಗುವ ತನಕ ಚಹಾ ಮುಟ್ಟುವವರಲ್ಲ. ಮಿನುಗಿದ ಮೇಲೆ, ಲಿನಕ್ಸ್ ಅಪ್‌ಡೇಟ್ ಆದಾಗಲೆಲ್ಲ ಡ್ರೈವರ್ ತಾನಾಗಿಯೇ ಮತ್ತೆ ಕೂರುವಂತೆ ಕೊನೆಯದೊಂದು ಕಮಾಂಡ್ ಹಾಕಿ, ತಣ್ಣಗಾದ ಚಹಾ ಕುಡಿದು, "ಇನ್ನ ನನ್ನ ಕರಿಯೂದು ಬ್ಯಾಡ್ರಿ" ಎಂದು ಏಳುತ್ತಾರೆ. ಆ ಕೊನೆಯ ಕಮಾಂಡನ್ನು ಅವರು ಹಾಕದಿರುವುದು ಕಲ್ಯಾಣದಲ್ಲಿರುವ ಅಣ್ಣನ ಮನೆಯಲ್ಲಿ ಮಾತ್ರ. ಅವ್ವನ ಪುಣ್ಯತಿಥಿ ಯಾರ ಮನೆಯಲ್ಲಿ ಎಂಬ ಜಗಳವಾಗಿ, ಅಣ್ಣ ಆರು ವರ್ಷದಿಂದ ಮಾತು ಬಿಟ್ಟಿದ್ದಾರೆ. ಅಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಲಿನಕ್ಸ್ ಅಪ್‌ಡೇಟ್ ಆಗಿ ಅಡಾಪ್ಟರಿನ ದೀಪ ಆರುತ್ತದೆ. "ನೆಟ್ ಮತ್ತ ಹೋಗೇತಿ, ಬರ್ರಿ" ಎಂದು ಅತ್ತಿಗೆ ಫೋನ್ ಮಾಡುತ್ತಾರೆ. ಕಾಕಾ ಅಡಾಪ್ಟರನ್ನು ಬೈಯುತ್ತಲೇ ಲೋಕಲ್ ರೈಲು ಹತ್ತುತ್ತಾರೆ. ಕೆಲಸ ಮುಗಿಸಿ, ತಮಗೆ ಬಾಯಿಪಾಠವಾಗಿರುವ ವೈಫೈ ಪಾಸ್‌ವರ್ಡನ್ನು ಕೇಳುತ್ತಾರೆ. ಗೋಡೆ ನೋಡುತ್ತ ಕೂತ ಅಣ್ಣ ಬೇರೆ ದಾರಿಯಿಲ್ಲದೆ ಬಾಯಿ ತೆರೆದು ಅವ್ವನ ಹೆಸರು ಹೇಳುತ್ತಾರೆ. "ಏನಂದಿ ಅಣ್ಣಾ? ಕೇಳಲಿಲ್ಲ" ಎಂದು ಕಾಕಾ ಇನ್ನೊಮ್ಮೆ ಹೇಳಿಸುತ್ತಾರೆ.